ಇಳಿಯುವ ಕ್ಯಾಸೆಟ್ಟಿನ ಮೆಟ್ಟಿಲು

ಬಾಡಿಗೆ ಇಳಿಸಬೇಕಿದ್ದರೆ ಮಾಲೀಕನೆದುರು ಅಳಬಾರದು. ಅಳು ಅವನಿಗೂ ಬರುತ್ತದೆ, ಬಾಡಿಗೆ ಮಾತ್ರ ಇಳಿಯುವುದಿಲ್ಲ. ನಷ್ಟವನ್ನು ಕಣ್ಣಿಗೆ ಕಾಣುವಂತೆ ತೋರಿಸಬೇಕು. ಕುಂದಾಪುರ ಪೇಟೆಯ ಅರ್ಧ ಅಂಗಡಿಯವರಿಗೆ, ಅವರು ಕೇಳದಿದ್ದರೂ, ಈ ಬುದ್ಧಿ ಹೇಳಿದವನು ನಾನು.

ನನ್ನದು ಕ್ಯಾಸೆಟ್ ಅಂಗಡಿ. ಯಕ್ಷಗಾನದ ಹೊಸ ಪ್ರಸಂಗ ಬಂತೆಂದರೆ ಬೈಂದೂರಿನವರೂ ಬ್ರಹ್ಮಾವರದವರೂ ಬಸ್ಸಿಳಿದು ನನ್ನಲ್ಲಿಗೇ ಬರುತ್ತಿದ್ದರು. ಈಗಲೂ ಬಸ್ಸಿಳಿಯುತ್ತಾರೆ, ಕಿವಿಗೆ ವೈರು ಸಿಕ್ಕಿಸಿಕೊಂಡು ಹಾಗೇ ಹೋಗುತ್ತಾರೆ. ಅಷ್ಟರಲ್ಲಿ ಕಟ್ಟಡದ ಯಜಮಾನರಾದ ಶೆಟ್ರು, ಕರಾರು ಮುಗಿಯಿತು, ಬಂದು ಮಾತಾಡುತ್ತೇನೆ ಎಂದು ಹೇಳಿಕಳಿಸಿದರು. ಬಾಡಿಗೆ ಇಳಿದರೆ ಅಂಗಡಿ ಉಂಟು, ಇಲ್ಲವಾದರೆ ಷಟರ್ ಎಳೆಯುವುದೇ.

ಬೀದಿಗೆ ಮುಖ ಮಾಡಿದ ಗಾಜಿನ ಶೋಕೇಸನ್ನು ಖಾಲಿ ಮಾಡಿ, ವರ್ಷಕ್ಕೊಂದರಂತೆ ಗೋಪುರ ಕಟ್ಟಿದೆ. ಆ ವರ್ಷ ಮಾರಾಟ ಎಷ್ಟೋ ಗೋಪುರವೂ ಅಷ್ಟೇ ಎತ್ತರ. ಮೊದಲು ಆಳೆತ್ತರದ ಕ್ಯಾಸೆಟ್ಟು, ಆಮೇಲೆ ಸೊಂಟದೆತ್ತರದ ಸೀಡಿ, ಕೊನೆಗೆ ಒಂಟಿ ಪೆನ್‌ಡ್ರೈವ್. ನನ್ನ ಕುರ್ಚಿಯಿಂದ ನೋಡಿದರೆ ಎಡದಿಂದ ಬಲಕ್ಕೆ, ಹೊಳೆಗಿಳಿಯುವ ಮೆಟ್ಟಿಲು. ಎಂಥ ಕಲ್ಲೆದೆಯೂ ಕರಗಬೇಕು.

ಹೆಂಡತಿ ಗಿರಿಜ ಮಾತ್ರ, "ಸತ್ತವ್ರ ಫೋಟೋ ಹಾಕುದ್ ಕಂಡಿದ್ದೆ. ವ್ಯಾಪಾರದ್ದೂ ಹಾಕ್ತ್ರಿಯಾ?" ಎಂದಳು.

ಶೆಟ್ರು ಬಂದರು. ಒಳಗೆ ಕಾಲಿಡಲಿಲ್ಲ, ಬೀದಿಯಲ್ಲೇ ನಿಂತು ಗಾಜಿನೊಳಗೆ ಕಣ್ಣು ಹಾಯಿಸಿದರು.

"ಹ್ವಾಯ್ ಮಾರಾಯ್ರೆ, ಪೆನ್‌ಡ್ರೈವಿಂದ ಸುರು ಮಾಡಿ ಇಷ್ಟೆತ್ರ ಏರ್ಸಿದ್ರಿಯಾ! ಹಳೆ ಕ್ಯಾಸೆಟ್ಟಿಗೆ ಈಗ ಮತ್ತೆ ಡಿಮಾಂಡ್ ಅಂಬ್ರಲ್ದಾ? ಮುಂಬಯಿಲಿಪ್ಪು ಅಳಿಯ ಹೇಳ್ತಿದ್ದ."

ಇಷ್ಟು ವರ್ಷ ನಾನು ಕೂತದ್ದು ಗಾಜಿನ ಒಳಗೆ. ಒಳಗಿನ ಎಡ ಹೊರಗಿನವರಿಗೆ ಬಲ ಎಂಬುದು ಹೊಳೆದೇ ಇರಲಿಲ್ಲ.

"ಶೆಟ್ರೆ, ಹಾಂಗಲ್ಲ! ಒಳ್ಗ್ ಬಂದ್ ಕಾಣಿ, ಅದ್ ಇಳುದ್."

"ಒಳ್ಗ್ ಎಂತಕೆ? ಹೊರ್ಗಿಂದ್ಲೇ ಲಾಯ್ಕ್ ಕಾಂತ್. ವ್ಯಾಪಾರ ಮಾಡುವವ್ರ್ ಯಾವತ್ತ್ ಏರ್‍ತ್ ಅಂದಿರ್?" ಎಂದು ನಕ್ಕು, ಮುಂದಿನ ತಿಂಗಳಿಂದ ಬಾಡಿಗೆ ಏರಿಸಿ, ಆಗದಿದ್ದರೆ ಬೀಗದಕೈ ಕೊಡಿ ಎಂದು ಹೊರಟೇಬಿಟ್ಟರು.

ಗೋಪುರಗಳನ್ನು ತಿರುವಿಡುವ ಮೊದಲು ಒಮ್ಮೆ ನೋಡೋಣವೆಂದು ಬೀದಿಗಿಳಿದೆ. ಶೆಟ್ರ ತಪ್ಪೇನಿಲ್ಲ. ಏಳಿಗೆಯಲ್ಲಿರುವ ಅಂಗಡಿ, ಯಾರೋ ಪುಣ್ಯವಂತನದು.

"ಒಳ್ಗ್ ಬತ್ರಿಯಾ, ಇಲ್ಯಾ?" ಗಿರಿಜ ಕೂಗಿದಳು.

"ತಡಿ ಮಾರಾಯ್ತಿ, ಬತ್ತೆ," ಎಂದೆ. ಹೊರಗೆ ನಿಂತಷ್ಟು ಹೊತ್ತು ವ್ಯಾಪಾರ ಚೆನ್ನಾಗಿತ್ತು.