ಟ್ಯಾಂಕಿನ ಮುಚ್ಚಳದ ತೂತು

ಇರಲಾರದೆ ಇರುವೆ ಬಿಟ್ಟುಕೊಂಡ ಎನ್ನುತ್ತಾರಲ್ಲ, ನಮ್ಮ ಹಾಲಪ್ಪ ಮಾಡಿಕೊಂಡದ್ದೂ ಅದನ್ನೇ. ಅವನ ಹಳೇ ಬೈಕಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ ಗುಂಡುಸೂಜಿ ತೂರುವಷ್ಟು ಒಂದು ತೂತು ಇತ್ತು. ಕೊಚ್ಚಿಯ ಮೇ ತಿಂಗಳ ಮಳೆ ಅದರಲ್ಲಿ ಇಳಿದು ಪೆಟ್ರೋಲಿಗೆ ನೀರು ಸೇರೀತು ಎಂದು, ನಲ್ಲಿ ರಿಪೇರಿಗೆ ಬಂದವನ ಹತ್ತಿರ ಚೂರು ಅಂಟು ಇಸಿದುಕೊಂಡು ತೂತನ್ನು ಭದ್ರವಾಗಿ ಮುಚ್ಚಿಬಿಟ್ಟ. ಬೈಕು ಮಾಡಿದವರು ಬುದ್ಧಿಯಿಲ್ಲದೆ ಅಲ್ಲಿ ತೂತು ಕೊರೆದಿರಲಿಕ್ಕಿಲ್ಲ ಎಂಬ ಯೋಚನೆ ಪುಣ್ಯಾತ್ಮನಿಗೆ ಬರಲಿಲ್ಲ.

ಹಾಲಪ್ಪ ಹುಬ್ಬಳ್ಳಿಯವನು, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ಕೊಚ್ಚಿಯ ಕಲೂರಿನಲ್ಲಿ ಮನೆ ಮಾಡಿ ಆರು ವರ್ಷವಾಗಿತ್ತು. ಆರು ವರ್ಷ ಕಾದ ಮೇಲೆ ಹುಬ್ಬಳ್ಳಿ ಆಫೀಸಿನಲ್ಲಿ ಒಂದೇ ಒಂದು ಜಾಗ ಖಾಲಿಯಾಗಿತ್ತು. ಅದು ಬೇಕಾದವರು ಶುಕ್ರವಾರ ತಿರುವನಂತಪುರದ ದೊಡ್ಡ ಕಚೇರಿಗೆ ಖುದ್ದಾಗಿ ಬರಬೇಕು. ಸಂಜೆ ಐದಕ್ಕೆ ವರ್ಗದ ಪಟ್ಟಿ ದೆಹಲಿಗೆ ಫ್ಯಾಕ್ಸ್ ಆಗುತ್ತದೆ. ಅಲ್ಲಿಗೆ ಹೊಸದಾಗಿ ಬಂದ ಸಾಹೇಬರ ಹೆಸರು ವಿನ್ಸೆಂಟ್, ಮಂಗಳೂರು ಕಡೆಯವರಂತೆ. ಅವರ ಮುಖ ನೋಡಿರದಿದ್ದರೂ ನಮ್ಮವರೇ ಎಂದು ಹಾಲಪ್ಪನಿಗೆ ಧೈರ್ಯ.

“ರೈಲಿಗೆ ಹೋಗ್ರಿ,” ಅಂದಳು ಹೆಂಡತಿ ರತ್ನ.

“ರೈಲು ಲೇಟಾದ್ರ ಏನ್ ಮಾಡ್ಲಿ? ಬೈಕು ನನ್ನ ಮಾತು ಕೇಳ್ತೈತಿ.”

“ಮಗಳು ಅಪ್ಪಾ ಅನ್ನೂದು ಬಿಟ್ಟು ನಿಮ್ಮನ್ನ ಅಚ್ಛಾ ಅಂತಾಳ, ಅನ್ನಕ್ಕ ಚೋರು ಅಂತಾಳ. ಜೂನಿಗೆ ಆಕೀನ್ನ ಹುಬ್ಬಳ್ಳಿ ಸಾಲಿಗೆ ಹಾಕಬೇಕು. ಆರ್ಡರ್ ಇಲ್ದ ಮನಿಗೆ ಬರಬ್ಯಾಡ್ರಿ ಮತ್ತ.” ಎರಡು ಟ್ರಂಕು ಆಗಲೇ ತುಂಬಿಸಿಟ್ಟಿದ್ದಳು.

ಬೆಳಿಗ್ಗೆ ಆರಕ್ಕೆ ಹಾಲಪ್ಪ ಹೊರಟ. ಹಿಂದಿನ ಸೀಟಿನಲ್ಲಿ ಆಫೀಸಿನ ಪಕ್ಕದ ಮೇಜಿನ ಇಸ್ಮಾಯಿಲ್. ಕಾಸರಗೋಡಿನವನು. ತಿರುವನಂತಪುರದ ಹತ್ತಿರ ವಿಳಿಂಜಂನಲ್ಲಿರುವ ಅಕ್ಕನ ಮನೆಯಲ್ಲಿ ಎರಡು ದಿನ ಇದ್ದು ತಾಜಾ ಮೀನು ತಿಂದು ಬರುವ ಆಸೆಯಿಂದ ಜೊತೆಗೆ ಬಂದಿದ್ದ. ಬೈಕು ಓಡಿಸಲು ಬರದಿದ್ದರೂ ಲೋಕದ ಎಲ್ಲ ವಿಷಯಕ್ಕೂ ಅವನ ಹತ್ತಿರ ಒಂದು ಸಲಹೆ ಇರುತ್ತಿತ್ತು.

ಚೇರ್ತಲ ದಾಟುವಾಗ ಬೈಕು ಎರಡು ಸಲ ಬಿಕ್ಕಿ ನಿಂತುಬಿಟ್ಟಿತು. ಹಾಲಪ್ಪ ಇಪ್ಪತ್ತು ಸಲ ಒದ್ದ. ಅದು ಉಸಿರೆತ್ತಲಿಲ್ಲ.

“ಪ್ಲಗ್ಗು ಹಾಲಪ್ಪಣ್ಣ,” ಅಂದ ಇಸ್ಮಾಯಿಲ್. “ಕಣ್ಣು ಮುಚ್ಚಿ ಹೇಳ್ತೇನೆ. ಪ್ಲಗ್ಗಿಗೆ ಮಸಿ ಹಿಡಿದದ್ದು.”

ಪ್ಲಗ್ಗು ಬಿಚ್ಚಿದರು. ಒರೆಸಲು ಪೆಟ್ರೋಲು ಬೇಕಲ್ಲ, ಟ್ಯಾಂಕಿನ ಮುಚ್ಚಳ ತೆಗೆದು ಚಿಂದಿ ಬಟ್ಟೆ ಅದ್ದಿದರು. ಒರೆಸಿ, ಜೋಡಿಸಿ ಒದ್ದರೆ ಒಂದೇ ಒದೆಗೆ ಬೈಕು ಹೊರಟಿತು.

“ಎಂತ ಹೇಳಿದ್ದು ನಾನು?” ಅಂದ ಇಸ್ಮಾಯಿಲ್.

ಅಂಬಲಪುಳದಲ್ಲಿ ಮತ್ತೆ ಅದೇ ಹಾಡು. ಇಸ್ಮಾಯಿಲ್ ಈ ಸಲ ಕಾಂಟ್ಯಾಕ್ಟ್ ಪಾಯಿಂಟು ಅಂದ. ಮುಚ್ಚಳ ತೆಗೆದು, ಚಿಂದಿ ಅದ್ದಿ, ಪಾಯಿಂಟು ಒರೆಸಿದರು. ಬೈಕು ಹೊರಟಿತು. ಹರಿಪ್ಪಾಡಿನಲ್ಲಿ ನಿಂತಾಗ ಕಾರ್ಬ್ಯುರೇಟರು ಎಂದ. ಅಷ್ಟರಲ್ಲಿ ಚಹದಂಗಡಿಯಿಂದ ಹತ್ತಾರು ಮಂದಿ ಎದ್ದು ಬಂದರು. ಕೇರಳದ ರಸ್ತೆಯಲ್ಲಿ ಬೈಕು ನಿಂತರೆ ಸುತ್ತ ನಿಂತವರೆಲ್ಲ ಮೆಕ್ಯಾನಿಕ್ಕುಗಳೇ. ಒಬ್ಬ ಕ್ಲಚ್ಚು ಅಂದ, ಇನ್ನೊಬ್ಬ ಪಿಸ್ಟನ್ನು ಅಂದ, ಮತ್ತೊಬ್ಬ ಯಾರೋ ಕಣ್ಣು ಹಾಕಿದ್ದಾರೆ ಅಂದ. ಕಾರ್ಬ್ಯುರೇಟರಿನಿಂದ ಬಿಚ್ಚಿದ ಜೆಟ್ಟು ಎಂಬ ಸಣ್ಣ ತಿರುಪು ಚರಂಡಿಗೆ ಬಿತ್ತು. ಮಳೆಯೂ ಸುರಿಯಿತು. ಮೂವರು ಲುಂಗಿ ಎತ್ತಿಕಟ್ಟಿ ಕೊಚ್ಚೆಯಲ್ಲಿ ಕೈಯಾಡಿಸಿ ಅದನ್ನು ಹುಡುಕಿ ಕೊಟ್ಟರು. ಟ್ಯಾಂಕಿನ ಪೆಟ್ರೋಲಿನಲ್ಲಿ ಅದನ್ನು ತೊಳೆದು ಹಾಕಿದ್ದೇ ತಡ, ಬೈಕು ಹೊರಟಿತು. ಅಷ್ಟು ಹೊತ್ತಿಗೆ ಸಾಹೇಬರಿಗೆಂದು ಇಸ್ತ್ರಿ ಮಾಡಿಸಿದ್ದ ಬಿಳಿ ಅಂಗಿ ಕಾವಲಿ ಒರೆಸುವ ಬಟ್ಟೆಯಾಗಿತ್ತು.

ಕಾಯಂಕುಳಕ್ಕೆ ಬರುವಾಗ ಒಂದು ಗಂಟೆ. ಬೈಕು ಅಲ್ಲಿಯೂ ನಿಂತಿತು. ಹಾಲಪ್ಪನಿಗೆ ಅಳುವೇ ಬಂದುಬಿಟ್ಟಿತು.

ದೇವರ ದಯೆ, ಎದುರಿಗೇ ಒಂದು ಗ್ಯಾರೇಜಿತ್ತು. ಎಲ್ಲರೂ ಆಶಾನ್ ಎಂದು ಕರೆಯುವ ಅದರ ಮುದುಕ ಮೇಸ್ತ್ರಿ ಬೀಡಿ ಸೇದುತ್ತಾ ಇಡೀ ಕತೆ ಕೇಳಿದ.

“ಪ್ಲಗ್ಗು ಒರೆಸಿದ್ದು ಯಾವುದರಲ್ಲಿ?” ಅಂತ ಮಲಯಾಳದಲ್ಲಿ ಕೇಳಿದ.

“ಪೆಟ್ರೋಲಿನಲ್ಲಿ.”

“ಪಾಯಿಂಟು?”

“ಅದೂ ಪೆಟ್ರೋಲಿನಲ್ಲೇ.”

ಆಶಾನ್ ಟ್ಯಾಂಕಿನ ಮುಚ್ಚಳ ತಿರುಗಿಸಿದ. ‘ಹುಸ್’ ಎಂದು ಗಾಳಿ ಒಳಗೆ ನುಗ್ಗಿತು. ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿ, ಸೂಜಿಯಿಂದ ಅಂಟು ಕೆರೆದು ತೆಗೆದ. “ಬಾಟಲಿ ಬಾಯಿ ಕಚ್ಚಿ ಹೀರಿದರೆ ನೀರು ಬರುತ್ತದೆಯೇ ಮಗನೇ? ಒಳಗೆ ಗಾಳಿ ಹೋದರೆ ತಾನೆ ಪೆಟ್ರೋಲು ಕೆಳಗಿಳಿಯುವುದು. ನೀವು ಪ್ರತಿ ಸಲ ಮುಚ್ಚಳ ತೆಗೆದಾಗ ಅದು ಉಸಿರಾಡಿದೆ, ಅಷ್ಟೆ.”

ಇಸ್ಮಾಯಿಲ್ ಆಕಾಶ ನೋಡುತ್ತಾ, “ನನಗೂ ಅದೇ ಸಂಶಯ ಇತ್ತು,” ಅಂದ.

ಅಲ್ಲಿಂದ ಬೈಕು ಬಿಟ್ಟ ಬಾಣದಂತೆ ಹೋಯಿತು. ನಾಲ್ಕೂಕಾಲಿಗೆ ತಿರುವನಂತಪುರದ ಕಚೇರಿ ತಲುಪಿದರು. ಇಸ್ಮಾಯಿಲ್ ಮೇಲೆ ಹೋಗಿ ವಿಚಾರಿಸಿ ಬಂದ: ಸಾಹೇಬರು ಕೋಣೆಯಲ್ಲಿಲ್ಲ, ಎಲ್ಲೋ ಕೆಳಗೆ ಹೋಗಿದ್ದಾರೆ, ಬರುತ್ತಾರೆ.

ಪೋರ್ಟಿಕೋದಲ್ಲಿ ಹಾಲಪ್ಪನ ಗಾಡಿಯ ಅವಳಿಯಂಥ ಒಂದು ಹಳೇ ಬೈಕು, ಮೈಗೆಲ್ಲ ಹೊಸ ಬಣ್ಣ. ಅಂಗಿಯ ತೋಳು ಮಡಚಿದ ಒಬ್ಬಾತ ಅದನ್ನು ಒದೆಯುತ್ತಾ, “ಎಂತ ಕರ್ಮ ಮಾರಾಯ ಇದು,” ಎಂದು ಕನ್ನಡದಲ್ಲೇ ಬೈಯುತ್ತಿದ್ದ. ಸಾಹೇಬರು ಊರಿನಿಂದ ಕರೆತಂದ ಡ್ರೈವರ್ ಇರಬೇಕು ಅಂದುಕೊಂಡ ಹಾಲಪ್ಪ.

“ಸಾಹೇಬ್ರ ಗಾಡಿ ಏನ್ರಿ?”

“ಹೌದು. ಮೂರು ತಿಂಗಳಾಯ್ತು, ದಿನಾ ದಾರಿಯಲ್ಲಿ ನಿಲ್ತದೆ. ಈ ಊರಿನ ಮೆಕ್ಯಾನಿಕ್ಕುಗಳೆಲ್ಲ ನೋಡಿ ಆಯ್ತು.”

“ಸಾಹೇಬ್ರು ಮನಷ್ಯಾ ಹೆಂಗ?”

ಆತ ಹಣೆ ಒರೆಸಿಕೊಂಡ. “ಒಳ್ಳೆಯವ. ಸ್ವಲ್ಪ ಸ್ವಾರ್ಥಿ, ಅಷ್ಟೆ.”

ಸಾಹೇಬರ ಗಾಡಿ ಸರಿಮಾಡಿಕೊಟ್ಟರೆ ಹುಬ್ಬಳ್ಳಿ ಕೈಗೆ ಬಂದಂತೆಯೇ. ಹಾಲಪ್ಪ ಗತ್ತಿನಿಂದ ಟ್ಯಾಂಕಿಗೆ ಕಿವಿಕೊಟ್ಟ, ಮುಚ್ಚಳ ತಿರುಗಿಸಿದ. ಹುಸ್. ಬಣ್ಣ ಹಚ್ಚಿದವನು ತೂತಿಗೂ ಸೇರಿಸಿಯೇ ಹಚ್ಚಿದ್ದ. ಜೇಬಿನಲ್ಲಿದ್ದ ಅರ್ಜಿಯಿಂದ ಗುಂಡುಸೂಜಿ ಕಿತ್ತು ಚುಚ್ಚಿದ. ಒಂದೇ ಒದೆಗೆ ಬೈಕು ಗುಡುಗಿತು. ಆತ ಅದನ್ನು ಆರಿಸಿ ಮತ್ತೆ ಒದ್ದು ನೋಡಿದ; ಮತ್ತೂ ಗುಡುಗಿತು.

ಅಷ್ಟಕ್ಕೆ ಸುಮ್ಮನಿದ್ದರೆ ಅವನು ಹಾಲಪ್ಪ ಹೇಗಾದಾನು? ಪ್ಲಗ್ಗಿನ ಮಸಿ, ಪಾಯಿಂಟಿನ ಸಂದು, ಕಾರ್ಬ್ಯುರೇಟರಿನ ಜೆಟ್ಟು ಎಂದು ಬೆಳಗಿನಿಂದ ಕಿವಿಗೆ ಬಿದ್ದದ್ದನ್ನೆಲ್ಲ ಪಾಠ ಒಪ್ಪಿಸಿದ. “ಕೊಚ್ಚಿಯಿಂದ ಇಲ್ಲೀತನ ಈ ಗಾಡಿ ನನ್ನಷ್ಟು ತಿಳದಾಂವ ಒಬ್ಬನೂ ಇಲ್ರಿ. ಸಾಹೇಬ್ರಿಗೆ ಹೇಳ್ರಿ, ಹಾಲಪ್ಪ ಮಾಡಿದ ಅಂತ.”

“ಖಂಡಿತ ಹೇಳ್ತೇನೆ,” ಎಂದು ಆತ ಒಳಗೆ ಹೋದ.

ನಾಲ್ಕು ಮುಕ್ಕಾಲಿಗೆ ಕರೆ ಬಂತು. ಇಸ್ಮಾಯಿಲನೂ ಹೊಸ ಸಾಹೇಬರನ್ನು ನೋಡುವ ಕುತೂಹಲಕ್ಕೆ ಹಿಂದೆಯೇ ನುಗ್ಗಿದ. ಮೇಜಿನ ಹಿಂದೆ ಕುಳಿತು ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತಿದ್ದವನು ಪೋರ್ಟಿಕೋದ ಡ್ರೈವರ್.

“ಕೂತುಕೊಳ್ಳಿ ಮಾರಾಯ್ರೆ,” ಅಂದರು ವಿನ್ಸೆಂಟ್ ಸಾಹೇಬರು, ಕಣ್ಣಲ್ಲಿ ಪ್ರೀತಿ ತುಂಬಿಕೊಂಡು. “ಈ ಗಾಡಿ ನನ್ನ ಜೀವ. ನಿಮ್ಮಂಥವರನ್ನು ಬರಿಗೈಯಲ್ಲಿ ಕಳಿಸುವುದುಂಟಾ? ನಿಮಗೆ ವರ್ಗ ಬೇಕಲ್ಲ, ಈಗಲೇ ಮಾಡಿಕೊಡ್ತೇನೆ.” ಪಟ್ಟಿ ಎಳೆದುಕೊಂಡು ಹಾಲಪ್ಪನ ಹೆಸರಿನ ಮುಂದೆ ಏನೋ ಗೀಚಿ, ಮತ್ತೇನೋ ಬರೆದರು.

ಹಾಲಪ್ಪ ಬಗ್ಗಿ ನೋಡಿದ. ಹುಬ್ಬಳ್ಳಿ ಎಂಬುದರ ಮೇಲೆ ಗೆರೆ. ಪಕ್ಕದಲ್ಲಿ ತಿರುವನಂತಪುರ.

“ಸರ್, ನಾ ಕೇಳಿದ್ದು ಹುಬ್ಬಳ್ಳಿ...”

“ಹುಬ್ಬಳ್ಳಿಯಲ್ಲಿ ನಿಮ್ಮಂಥ ಮೆಕ್ಯಾನಿಕ್ಕುಗಳು ಗಲ್ಲಿಗೆ ಹತ್ತು ಸಿಕ್ಕುತ್ತಾರೆ. ನನಗೆ ಇಲ್ಲಿ ಯಾರಿದ್ದಾರೆ? ಕನ್ನಡ ಮಾತಾಡ್ಲಿಕ್ಕೂ ಜನ ಆಯ್ತು. ನಾನು ರಿಟೈರ್ ಆಗುವವರೆಗೆ ನಿಮ್ಮನ್ನು ಬಿಡುವುದಿಲ್ಲ.” ಸಾಹೇಬರು ಗಡಿಯಾರ ನೋಡಿದರು. “ಆದ್ರೆ ಪಟ್ಟಿಯಲ್ಲಿ ಹುಬ್ಬಳ್ಳಿ ಜಾಗ ಖಾಲಿ ಬಿಟ್ಟು ಕಳಿಸುವ ಹಾಗಿಲ್ಲ.” ಅವರ ಕಣ್ಣು ಇಸ್ಮಾಯಿಲನ ಮೇಲೆ ನಿಂತಿತು. “ನೀವೂ ಕೊಚ್ಚಿ ಆಫೀಸಿನವರಾ? ಬೈಕಿನ ಕೆಲಸ ಏನಾದ್ರೂ ಬರ್ತದಾ?”

ಹಾಲಪ್ಪನಿಗಾದ ಗತಿ ಕಣ್ಣಾರೆ ಕಂಡಿದ್ದ ಇಸ್ಮಾಯಿಲ್ ಹುಟ್ಟಿದ ಮೇಲೆ ಮೊದಲ ಸಲ ಆ ಮಾತು ಆಡಿದ. “ಇಲ್ಲ ಸರ್. ನನಗೆ ಎಂತದೂ ಗೊತ್ತಿಲ್ಲ.”

“ಹಾಗಾದ್ರೆ ನೀವು ಹೋಗಬಹುದು,” ಎಂದು ಸಾಹೇಬರು ಹೆಸರು ಕೇಳಿ ಹುಬ್ಬಳ್ಳಿಯ ಮುಂದೆ ಬರೆದರು. ಐದಕ್ಕೆ ಸರಿಯಾಗಿ ಫ್ಯಾಕ್ಸು ಹೋಯಿತು.

ಹೊರಗೆ ಮೆಟ್ಟಿಲ ಮೇಲೆ ಇಸ್ಮಾಯಿಲ್ ತಲೆಗೆ ಕೈಹೊತ್ತು ಕೂತ. “ಹಾಲಪ್ಪಣ್ಣ, ನಿಮ್ಮ ಹುಬ್ಬಳ್ಳಿಯಲ್ಲಿ ತಾಜಾ ಮೀನು ಸಿಗ್ತದಾ?” ಅಷ್ಟರಲ್ಲಿ ಹಾಲಪ್ಪನ ಜೇಬಿನ ಮೊಬೈಲು ಹೊಡೆದುಕೊಂಡಿತು.

“ಏನಾತ್ರಿ?” ಅಂದಳು ರತ್ನ. “ಹುಬ್ಬಳ್ಳಿ ಆರ್ಡರ್ ಆತೇನು?”

“ಆತು,” ಅಂದ ಹಾಲಪ್ಪ.

“ಸಿದ್ಧಾರೂಢ ದೊಡ್ಡಾಂವ. ಮೂರನೇ ಟ್ರಂಕೂ ಕಟ್ಲೇನ್ರಿ?”

“ಕಟ್ಟು,” ಅಂದ ಹಾಲಪ್ಪ. “ಆದ್ರ ಹುಬ್ಬಳ್ಳಿ ಆಗಿದ್ದು ಇಸ್ಮಾಯಿಲಗ.”