ಮಾಳಿಗೆಯ ಮೇಲಿನ ಗುಳ್ಳೆಗಳು

ಬಿಸಿಲು ಎಲ್ಲರ ಸೊತ್ತು ಎಂದು ಹೇಳುವವರು ಬಾಡಿಗೆ ಮನೆಯ ಮಾಳಿಗೆಯ ಮೇಲೆ ಬೇಸಿಗೆ ಕಳೆದವರಲ್ಲ. ನಾವು ಪುಣೆಯ ಯೆರವಡಾದಲ್ಲಿದ್ದಾಗ ನಮ್ಮ ಮಾಳಿಗೆಯ ಬಿಸಿಲಿಗೆ ಒಡತಿಯೊಬ್ಬಳಿದ್ದಳು. ಅವಳು ನನ್ನ ಹೆಂಡತಿ ಗಂಗಾಬಾಯಿ. ಹೋಳಿ ಮುಗಿದ ಮರುದಿನದಿಂದ ಮೊದಲ ಮಳೆ ಬೀಳುವವರೆಗೆ ಅಲ್ಲಿ ಸಂಡಿಗೆ, ಹಪ್ಪಳ, ಶಾವಿಗೆ, ಮೆಣಸಿನಕಾಯಿ ಸರದಿಯ ಮೇಲೆ ಒಣಗುತ್ತಿದ್ದವು. ಯಾವ ಮೂಲೆಗೆ ಎಷ್ಟು ಹೊತ್ತಿಗೆ ನೀರಿನ ಟಾಕಿಯ ನೆರಳು ಬರುತ್ತದೆ ಎಂಬುದು ಅವಳಿಗೆ ಬಾಯಿಪಾಠ. ನಾನು ವಿಜ್ಞಾನದ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದೆ ನಿಜ. ಆದರೆ ಸೂರ್ಯನ ವಿಷಯದಲ್ಲಿ ನಮ್ಮ ಮನೆಯ ತಜ್ಞೆ ಅವಳೇ.

ಪ್ರಯೋಗಾಲಯದಲ್ಲಿ ಕೆಲಸ ಎಂದೆನಲ್ಲ, ವಿಜಾಪುರದ ಕಡೆಯ ನಮ್ಮ ಬಳಗದವರು ಇವತ್ತಿಗೂ ನನ್ನನ್ನು ವಿಜ್ಞಾನಿ ಎಂದೇ ತಿಳಿದಿದ್ದಾರೆ. ತಿದ್ದಲು ಹೋಗಿಲ್ಲ. ನಿಜವಾಗಿ ನಾನು ಮಾಡುತ್ತಿದ್ದುದು ಗಾಜಿನ ಸೀಸೆ ತೊಳೆಯುವುದು, ರಬ್ಬರು ನಳಿಗೆ ಜೋಡಿಸುವುದು, ಯಂತ್ರದ ಮುಳ್ಳು ಎಲ್ಲಿ ನಿಂತಿತೆಂದು ಬರೆದಿಡುವುದು. ನಾನಿದ್ದದ್ದು ಸಾಠೆ ಬಾಯಿಯವರ ಕೈಕೆಳಗೆ. ಐವತ್ತರ ಹತ್ತಿರದ ಹೆಂಗಸು, ದೊಡ್ಡ ಡಾಕ್ಟರೇಟು, ಸಣ್ಣ ದನಿ. ಅವರು ಯಾರಿಗೂ ರೇಗಿದ್ದನ್ನು ನಾನು ನೋಡಲಿಲ್ಲ, ಆದರೆ "ಅದು ಹಾಗೇ ಎಂದು ನಿಮಗೆ ಹೇಗೆ ಗೊತ್ತು, ಬಿರಾದಾರ?" ಎಂದು ಮರಾಠಿಯಲ್ಲಿ ಮೆತ್ತಗೆ ಕೇಳಿದರೆ ರೇಗಿಸಿಕೊಂಡದ್ದಕ್ಕಿಂತ ಹೆಚ್ಚು ಬೆವರು ಬರುತ್ತಿತ್ತು.

ಬಾಯಿ ಹಿಡಿದಿದ್ದ ಕೆಲಸ ವಿಚಿತ್ರವಾದದ್ದು. ಸೀಮೆಎಣ್ಣೆಗೆ ಡಬ್ಬ ಹಿಡಿದು ಊರೆಲ್ಲ ಸಾಲು ನಿಲ್ಲುತ್ತಿದ್ದ ಕಾಲ ಅದು. ಇವರು ನೀರಿಗೆ ಬಿಳಿಯ ಪುಡಿಯೊಂದನ್ನು ಹಾಕಿ, ಬೆಳಕು ಬಿಟ್ಟು, ನೀರನ್ನೇ ಒಡೆದು ಉರಿಯುವ ಜಲಜನಕ ತೆಗೆಯಲು ಹೊರಟಿದ್ದರು. ಬೇರೆ ದೇಶದಲ್ಲಿ ಯಾರೋ ಮಾಡಿ ತೋರಿಸಿದ್ದರಂತೆ. ಆ ಪುಡಿ ಬೇರೇನಲ್ಲ, ಗೋಡೆಗೆ ಹಚ್ಚುವ ಬಿಳಿ ಬಣ್ಣದಲ್ಲಿ ಇರುವಂಥದ್ದೇ. ಮೂರು ವರ್ಷವಾದರೂ ಹೇಳಿಕೊಳ್ಳುವಂಥದ್ದು ಏನೂ ಕೈಗೆ ಬಂದಿರಲಿಲ್ಲ. ಮೇ ತಿಂಗಳಲ್ಲಿ ದಿಲ್ಲಿಯಿಂದ ಸಮಿತಿಯೊಂದು ಬರುವುದಿತ್ತು. ಅವರಿಗೆ ತೋರಿಸಲು ಏನೂ ಇಲ್ಲದಿದ್ದರೆ ಕೆಲಸ ಮುಚ್ಚಿ ಬಾಯಿಯವರನ್ನು ಬಣ್ಣದ ವಿಭಾಗಕ್ಕೆ ಕಳಿಸುವರೆಂದು ಮಾತಿತ್ತು. "ಪುಡಿಯಂತೂ ಅದೇ ಇರುತ್ತದೆ" ಎಂದು ಬಾಯಿ ನಕ್ಕರು. ನಗು ಪೂರ್ತಿ ಬರಲಿಲ್ಲ.

ಅಷ್ಟರಲ್ಲಿ ಸೀಸೆಗೆ ಬೆಳಕು ಬಿಡುತ್ತಿದ್ದ ನಮ್ಮ ಪರದೇಶದ ದೀಪ ಸುಟ್ಟುಹೋಯಿತು. ಹೊಸದು ಬರಲು ಆರು ತಿಂಗಳು. ಸೂರ್ಯನ ಕೆಳಗೇ ಇಡೋಣ ಎಂದರೆ ನಮ್ಮ ಕಟ್ಟಡದ ಮಾಳಿಗೆಗೆ ಮಳೆಗಾಲದ ಮುಂಚಿನ ಡಾಂಬರು ಹಚ್ಚುತ್ತಿದ್ದರು. ಬಾಯಿ ಕಿಟಕಿಯಿಂದ ಹೊರಗಿನ ಬಿಸಿಲು ನೋಡುತ್ತ ಕೂತದ್ದನ್ನು ಕಂಡು ನನಗೆ ತಡೆಯಲಾಗಲಿಲ್ಲ. "ನಮ್ಮ ಮಾಳಿಗೆ ಅದ ಅಲ್ರಿ ಬಾಯಿ" ಎಂದುಬಿಟ್ಟೆ, ಅವರಿಗೆ ಕನ್ನಡ ಬರುವುದಿಲ್ಲ ಎಂಬುದನ್ನೂ ಮರೆತು. ಮತ್ತೆ ಮರಾಠಿಯಲ್ಲಿ ಹೇಳಿದೆ. ಮಾಳಿಗೆ ನನ್ನದಲ್ಲ ಎಂಬುದು ನೆನಪಾದದ್ದು ಮನೆಯ ಮೆಟ್ಟಿಲು ಹತ್ತುವಾಗ.

"ಸಂಡಿಗಿ ದಿನದಾಗ?" ಎಂದಳು ಗಂಗಾಬಾಯಿ. "ಅಕ್ಕನ ಮಗಳ ಲಗ್ನಕ್ಕ ಎರಡು ಡಬ್ಬಿ ಒಪ್ಪಿಕೊಂಡೀನಿ. ನಿಮ್ಮ ಬಾಟಲಿಗೆ ಬ್ಯಾರೆ ಸೂರ್ಯ ಇಲ್ಲೇನ್ರಿ?"

"ನೀರಿನಿಂದ ಒಲಿ ಹತ್ತಸೋ ಕೆಲಸ ಅದು. ಮುಂದ ನೀ ಸೀಮೆಎಣ್ಣಿಗೆ ಸಾಲು ನಿಲ್ಲೂದೇ ಬ್ಯಾಡ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀರಿನಿಂದ ಒಲಿ ಆರತದ. ಹತ್ತತದ ಅಂತ ಯಾರು ಹೇಳಿದ್ರು?" ಆದರೂ ಕುತೂಹಲ ಅವಳಿಗೂ ಇತ್ತು. ಮಧ್ಯಾಹ್ನ ಎರಡಕ್ಕೆ ನೆರಳು ಬರುವ ಒಂದು ಮೂಲೆ ನಮಗೆ ಸಿಕ್ಕಿತು.

ಮರುದಿನ ಸಾಠೆ ಬಾಯಿ ಸೀಸೆಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬಂದರು. ಅದನ್ನು ಮೂಲೆಯಲ್ಲಿಟ್ಟು, ಗಂಗಾಬಾಯಿಯ ಪಕ್ಕ ಕೂತು ಸಂಡಿಗೆಯ ಹಸಿ ಹಿಟ್ಟು ನೆಕ್ಕಿ, ಇನ್ನೊಂದಿಷ್ಟು ಬೇಕೆಂದರು. ನನ್ನ ಹೆಂಡತಿಯ ಅರೆಬರೆ ಮರಾಠಿ, ಅವರ ಸಣ್ಣ ದನಿ. ಇಬ್ಬರಿಗೂ ಹೇಗೋ ಕೂಡಿತು. ಅವರು ಹೊರಟ ಮೇಲೆ ಹತ್ತು ಗಂಟೆಯ ಸುಮಾರಿಗೆ ನಾನು ಬಗ್ಗಿ ನೋಡುತ್ತೇನೆ, ಸೀಸೆಯ ಒಳಗೋಡೆಗೆ ಸಣ್ಣ ಸಣ್ಣ ಗುಳ್ಳೆ! ಸಾಸಿವೆ ಕಾಳಿನಷ್ಟು, ಮುತ್ತು ಅಂಟಿಸಿದ ಹಾಗೆ.

ಸಮಾಧಾನಿಯಾದ ಮನುಷ್ಯನಾಗಿದ್ದರೆ ಆಗ ಕೂತು ನೋಡುತ್ತಿದ್ದ. ನಾನು ಇಳಿದು ಓಡಿದೆ. ಕೆಳಗೆ ಹೋಟೆಲು ನಡೆಸುತ್ತಿದ್ದ ಶೆಟ್ಟರಿಗೆ ನೀರು ಒಡೆದ ಸುದ್ದಿ ಹೇಳಿದೆ. ಕುಂದಾಪುರದ ಕಡೆಯವರು, ಎಲ್ಲದಕ್ಕೂ ಸಾವಧಾನ. "ಒಳ್ಳೆದಾಯ್ತು ಮಾರಾಯ್ರೆ. ನಮ್ಮ ದೋಸೆ ಕಾವಲಿಗೆ ಯಾವಾಗ ಬರ್ತದೆ?" ಎಂದರು. ಮುಂದಿನ ವರ್ಷ ಎಂದು ಧೈರ್ಯವಾಗಿ ಹೇಳಿ, ಅವರು ಕೊಟ್ಟ ಚಹಾ ಕುಡಿದು ಬಂದೆ. ಪ್ರಯೋಗಾಲಯದಲ್ಲೂ ನಾಲ್ಕು ಜನರ ಕಿವಿಗೆ ಹಾಕಿದೆ. ಸಂಜೆಯೊಳಗೆ ಅದು ಇಪ್ಪತ್ತು ಜನರಿಗೆ ಗೊತ್ತಾಗಿತ್ತು. ಬಾಯಿ ಮಾತ್ರ "ಇನ್ನೊಂದು ದಿನ ನೋಡೋಣ" ಎಂದರು. ಅವರ ಕಣ್ಣಲ್ಲೂ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ.

ಮರುದಿನ ಮುಂಜಾನೆ ಗಂಗಾಬಾಯಿ ಮಾಳಿಗೆಯಿಂದಲೇ ಕೂಗಿದಳು. "ರೀ, ಇಲ್ಲಿ ಬರ್ರಿ. ನನ್ನ ಬಾಟಲಿಯಾಗೂ ಗುಳ್ಳಿ ಬಂದಾವು."

ಕೈ ತೊಳೆಯಲು ಅವಳು ಇಟ್ಟುಕೊಂಡಿದ್ದ ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿ. ತುಂಬ ನಲ್ಲಿಯ ನೀರು. ಒಳಗೋಡೆಯ ತುಂಬ ಸಾಸಿವೆ ಕಾಳಿನಷ್ಟು ಗುಳ್ಳೆ, ಮುತ್ತು ಅಂಟಿಸಿದ ಹಾಗೆ.

"ನಾ ಯಾವ ಪುಡಿನೂ ಹಾಕಿಲ್ರಿ" ಎಂದಳು.

"ನಿನಗ ತಿಳಿಯೂದಿಲ್ಲ, ಸುಮ್ಮನಿರು" ಎಂದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಹಾಗೇ ಎಂದೆ. ಅಷ್ಟೇ ಅಲ್ಲ, ಕೆಲಸಕ್ಕೆ ಹೋಗಿ ಬಾಯಿಯವರೆದುರು ಅದನ್ನು ನಗೆಚಾಟಿಕೆಯಾಗಿ ಹೇಳಿದೆ. ಬಾಯಿ ನಗಲಿಲ್ಲ. ಬರೆಯುತ್ತಿದ್ದ ಪೆನ್ನಿಗೆ ಮುಚ್ಚಳ ಹಾಕಿ ಎದ್ದರು. ಹಿಂದಿನ ದಿನ ಸೀಸೆಯ ನಳಿಗೆಯಲ್ಲಿ ಹಿಡಿದು ತಂದಿದ್ದ ಗುಳ್ಳೆಯ ಅನಿಲವನ್ನು ಅನಿಲಗಳ ಗುರುತು ಹಚ್ಚುವ ಯಂತ್ರಕ್ಕೆ ಹಾಯಿಸಿದರು. ಯಂತ್ರ ಕಾಗದದ ಮೇಲೆ ಗೀಚಿ ಉತ್ತರ ಕೊಟ್ಟಿತು. ಬರೀ ಗಾಳಿ. ತಣ್ಣೀರಿನಲ್ಲಿ ಕರಗಿದ ಗಾಳಿ ನೀರು ಬೆಚ್ಚಗಾದಾಗ ಹೊರಗೆ ಬರುತ್ತದೆ. ಅದಕ್ಕೆ ಪುಡಿಯೂ ಬೇಡ, ವಿಜ್ಞಾನಿಯೂ ಬೇಡ.

ನಾನು ನೆಲ ನೋಡುತ್ತ ನಿಂತೆ. ಇಪ್ಪತ್ತು ಜನ, ಅದರ ಮೇಲೆ ಶೆಟ್ಟರ ದೋಸೆ ಕಾವಲಿ. ಬಾಯಿ ಮಾತ್ರ, "ಅಹೋ ಬಿರಾದಾರ, ಈ ತಪ್ಪನ್ನು ದಿಲ್ಲಿಯವರು ಕಂಡುಹಿಡಿಯಲಿಲ್ಲವಲ್ಲ! ನಿಮ್ಮ ಮಂಡಳಿ ಕಂಡುಹಿಡಿದರು" ಎಂದರು. ಮರಾಠಿಯಲ್ಲಿ ಮಂಡಳಿ ಎಂದರೆ ಹೆಂಡತಿ. ಅವರಿಗೆ ಅದು ಸೋಲಿನ ಸುದ್ದಿಯಂತೆ ಕಂಡೇ ಇರಲಿಲ್ಲ. ಹತ್ತು ವರ್ಷ ಚಿಕ್ಕವರಾದಂತೆ ಕಂಡರು.

ಆಮೇಲಿನ ಎರಡು ವಾರ ಅವರು ಬೇರೆ ದಾರಿ ಹಿಡಿದರು. ಬಿಳಿ ಪುಡಿ ಬಿಟ್ಟು ಹಳದಿಯದೊಂದನ್ನು ತಯಾರಿಸಿದರು. ಕೆಲಸದ ನಡುವೆ ನನಗೂ ವಿವರಿಸಿದರು. ಬೆಳಕು ಪುಡಿಯ ಕಣಕ್ಕೆ ಬಡಿದಾಗ ಒಂದು ಎಲೆಕ್ಟ್ರಾನು ತನ್ನ ಜಾಗ ಬಿಟ್ಟು ಮೇಲೇಳುತ್ತದೆ. ಹಿಂದೆ ಖಾಲಿ ಜಾಗ ಉಳಿಯುತ್ತದೆ. ಎರಡಕ್ಕೂ ಮತ್ತೆ ಕೂಡುವ ಅವಸರ. ಕೂಡಿದರೆ ಬೆಳಕೆಲ್ಲ ವ್ಯರ್ಥ, ಬರೀ ಶಾಖ. ಕೂಡುವ ಮೊದಲೇ ಎಲೆಕ್ಟ್ರಾನು ಕಣದ ಹೊರಮೈಗೆ ಬಂದು ನೀರಿನ ಕೈಸೇರಬೇಕು. ಕಣ ದೊಡ್ಡದಿದ್ದರೆ ದಾರಿ ದೂರ. ಅದಕ್ಕೇ ಕಣ ಆದಷ್ಟೂ ಸಣ್ಣದಿರಬೇಕು. ಹೊರಮೈಯಲ್ಲಿ ಎಲೆಕ್ಟ್ರಾನನ್ನು ಹಿಡಿದು ನೀರಿಗೆ ದಾಟಿಸಲು ಪ್ಲಾಟಿನಂ ಚುಕ್ಕೆ, ಖಾಲಿ ಜಾಗ ತುಂಬಲು ನೀರಿನಲ್ಲಿ ಕರಗಿಸಿದ ಒಂದು ಉಪ್ಪು. ನಾನು ಕಲ್ಲಿನಲ್ಲಿ ಅರೆಯಲು ಸಿದ್ಧನಾದೆ. ಅರೆದರೆ ಅಷ್ಟು ಸಣ್ಣ ಆಗುವುದಿಲ್ಲವಂತೆ. ಎರಡು ದ್ರಾವಣ ಹನಿಹನಿಯಾಗಿ ಕೂಡಿಸಿ ಕಣವನ್ನು ನೀರಿನಲ್ಲೇ ಹುಟ್ಟಿಸಬೇಕು. ಹಾಗೆ ಹುಟ್ಟಿದ್ದು ತೀರ ಸಣ್ಣದಾದಷ್ಟೂ ಅದರ ಹಳದಿ ತೆಳುವಾಗುತ್ತಿತ್ತು. ಅದೇ ಪದಾರ್ಥ, ಅಳತೆ ಬದಲಾದರೆ ಬಣ್ಣ ಯಾಕೆ ಬದಲಾಗಬೇಕು? ಈಗ ಇಂಥದಕ್ಕೆ ನ್ಯಾನೋ ಎಂದು ಹೆಸರಿಟ್ಟಿದ್ದಾರೆ. ಆಗ ಹೆಸರಿಲ್ಲದೆಯೇ ನಾನು ಸೀಸೆ ಎತ್ತಿ ಹಿಡಿದು ಎಷ್ಟೋ ಹೊತ್ತು ನೋಡುತ್ತ ನಿಲ್ಲುತ್ತಿದ್ದೆ.

ಒಂದು ತೊಡಕಿತ್ತು. ಹಳದಿ ಪುಡಿ ವಿಷ. ಬಾಯಿ ಅದನ್ನು ಗಂಗಾಬಾಯಿಗೆ ತಾವೇ ಬಂದು ಹೇಳಿದರು. ಸೀಸೆ ಬಿಗಿಯಾಗಿ ಮುಚ್ಚಿದ್ದರೂ ತಿನ್ನುವ ಪದಾರ್ಥದ ಹತ್ತಿರ ಇಡುವುದು ತಪ್ಪು, ನೀವು ಬೇಡವೆಂದರೆ ಬೇಡ ಎಂದರು. ಗಂಗಾಬಾಯಿ ಸ್ವಲ್ಪ ಹೊತ್ತು ಸಂಡಿಗೆಯನ್ನೂ ಬಾಯಿಯವರ ಮುಖವನ್ನೂ ನೋಡಿದಳು. ಅವಳಿಗೆ ಸಮಿತಿ, ಬಣ್ಣದ ವಿಭಾಗ ಎಲ್ಲ ಗೊತ್ತಿತ್ತು. ಹಿಟ್ಟು ನೆಕ್ಕುತ್ತ ಅವರೇ ಹೇಳಿಕೊಂಡಿದ್ದರು. ಆಮೇಲೆ ಅರ್ಧ ಒಣಗಿದ ಸಂಡಿಗೆಯ ಸೀರೆಯನ್ನು ನಾಲ್ಕು ಮೂಲೆ ಹಿಡಿದು ಎತ್ತಿ ಕೆಳಗೆ ಒಯ್ದಳು. ಮಾಳಿಗೆ ಪೂರ್ತಿ ನಮ್ಮದಾಯಿತು. ಲಗ್ನದವರಿಗೆ ಒಂದೇ ಡಬ್ಬಿ ಹೋಯಿತು. ಆ ಮಾತು ಅವಳು ನಾಲ್ಕು ವರ್ಷ ಕೇಳಬೇಕಾಯಿತು.

ಈ ಸಲ ಬಾಯಿ ನೀರನ್ನು ಕುದಿಸಿ ಗಾಳಿಯೆಲ್ಲ ಹೊರಗಟ್ಟಿದರು. ಸೀಸೆ ಎರಡು, ಎರಡರಲ್ಲೂ ಅದೇ ಪುಡಿ. ಒಂದು ಬಯಲಿಗೆ, ಇನ್ನೊಂದಕ್ಕೆ ಬಿಸಿ ತಾಗಲಿ, ಬೆಳಕು ಮಾತ್ರ ತಾಗದಿರಲಿ ಎಂದು ಗಂಗಾಬಾಯಿಯ ಹಳೆಯ ಕರಿ ಸೀರೆ ಸುತ್ತಿ ಅದರ ಪಕ್ಕಕ್ಕೆ. ಸಂಜೆ ಸೀರೆ ಬಿಚ್ಚಿದಾಗ ಅದರ ನಳಿಗೆಯಲ್ಲಿ ಏನೂ ಇರಲಿಲ್ಲ. ಬಯಲಿನ ಸೀಸೆಯ ನಳಿಗೆಯಲ್ಲಿ ಹೆಬ್ಬೆರಳಿನಗಲ ಅನಿಲ. ಮರುದಿನ ಯಂತ್ರ ಜಲಜನಕವೆಂದೇ ಗೀಚಿತು. ಉಳಿದಷ್ಟಕ್ಕೆ ಬಾಯಿ ಕಡ್ಡಿ ಗೀರಿದರು. "ಟಪ್" ಎಂದಿತು. ಒಂದು ಕಡಲೆ ಸಿಡಿದಷ್ಟು ಸದ್ದು. ಸಾಠೆ ಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಎಷ್ಟೋ ಹೊತ್ತು ಒರೆಸಿದರು.

ಸಮಿತಿಯ ಹಿರಿಯರೊಬ್ಬರು ಇದರಿಂದ ಒಂದು ಕಪ್ ಚಹಾ ಆಗುತ್ತದೆಯೇ ಎಂದು ಕೇಳಿದರಂತೆ. ಇಡೀ ಮಾಳಿಗೆಯ ತುಂಬ ಸೀಸೆ ಇಟ್ಟರೂ ಇಲ್ಲ ಎಂದರಂತೆ ಬಾಯಿ. ಜೊತೆಗೆ ಮೊದಲ ಗುಳ್ಳೆಗಳ ಕಥೆಯನ್ನೂ ತಾವೇ ಹೇಳಿದರಂತೆ. ಹಾಗೆ ಹೇಳಿದ್ದಕ್ಕೋ ಏನೋ, ಸಮಿತಿಯವರು ಕೆಲಸ ಮುಂದುವರಿಯಲಿ ಎಂದು ಬರೆದು ಹೋದರು. ಶೆಟ್ಟರ ಹೋಟೆಲಿನ ಮುಂದೆ ಮಾತ್ರ ನಾನು ಬಹಳ ದಿನ ಆಚೆ ಬದಿಯಿಂದ ನಡೆದೆ.

ಮರುವರ್ಷ ಬಾಯಿಯವರ ಲೇಖನ ಪರದೇಶದ ಪತ್ರಿಕೆಯಲ್ಲಿ ಅಚ್ಚಾಯಿತು. ಒಂದು ಪ್ರತಿ ನನ್ನ ಕೈಗಿಟ್ಟು, "ಮನೆಯಲ್ಲಿ ತೋರಿಸಿ, ಕೊನೆಯ ಪುಟ" ಎಂದರು. ಬಸ್ಸಿನಲ್ಲೇ ಬಿಚ್ಚಿದೆ. ಕೊನೆಯಲ್ಲಿ ಕೃತಜ್ಞತೆಯ ಒಂದು ಸಾಲು: ಕರಗಿದ ಗಾಳಿಯ ಕಡೆ ಗಮನ ಸೆಳೆದದ್ದಕ್ಕೆ ಶ್ರೀಮತಿ ಗಂಗಾಬಾಯಿ ಬಿರಾದಾರರಿಗೆ. ಮೊದಲಿನಿಂದ ಕೊನೆಯವರೆಗೆ, ಮತ್ತೆ ಕೊನೆಯಿಂದ ಮೊದಲಿನವರೆಗೆ ಹುಡುಕಿದೆ. ಬೇರೆ ಬಿರಾದಾರ ಎಲ್ಲಿಯೂ ಇರಲಿಲ್ಲ.

ಮನೆಗೆ ಬಂದು ಆ ಸಾಲಿಗೆ ಬೆರಳಿಟ್ಟು ಕನ್ನಡದಲ್ಲಿ ಓದಿ ಹೇಳಿದೆ. ಗಂಗಾಬಾಯಿಗೆ ಇಂಗ್ಲಿಷು ಬಾರದು. ಅವಳ ಹೆಸರಿನ ಮುಂದೆ "ಹಾಗೂ ಪ್ರಯೋಗದ ಸಮಸ್ತ ಭಾರ ಹೊತ್ತ ಅವರ ಯಜಮಾನರಾದ ಶ್ರೀ ಬಿರಾದಾರರಿಗೆ" ಎಂದೂ ಸೇರಿಸಿದೆ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಾಳೆ ಇಸಿದುಕೊಂಡಳು. ಬಹಳ ಹೊತ್ತು ನೋಡಿದಳು.

"ಇಷ್ಟು ಗಿಡ್ಡ ಸಾಲಿನಾಗ ಇಬ್ಬರ ಹೆಸರು ಹೆಂಗ ಹಿಡಿದ್ವುರಿ?" ಎಂದು ಕೇಳಿದಳು.

ಇಂಗ್ಲಿಷಿನಲ್ಲಿ ಅಕ್ಷರ ಕಡಿಮೆ ಎಂದೆ.