ತಾತನ ಬಿಲ್ಲೆಗೆ ನಾನು ಹಾಕಿದ ಅರ್ಜಿ

ನಂದಗುಡಿ ಹೋಬಳಿಯ ನಮ್ಮ ಹಳ್ಳಿಯಲ್ಲಿ ಆಗ ಇಂಗ್ಲಿಷಿನಲ್ಲಿ ಅರ್ಜಿ ಬರೆಯಬಲ್ಲ ಮಹಾಶಯ ನಾನೊಬ್ಬನೇ. ಲೋಯರ್ ಸೆಕೆಂಡರಿ ಪಾಸು ಮಾಡಿದ್ದೆ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಸಕ್ಕರೆ ಸಿಗುತ್ತಿರಲಿಲ್ಲ. ನನ್ನ ಜಂಬಕ್ಕೆ ಮಾತ್ರ ಯಾವ ರೇಷನ್ನೂ ಇರಲಿಲ್ಲ!

ಅದಕ್ಕೇ ಅಜ್ಜಿ ಆ ಕೆಲಸವನ್ನು ನನಗೆ ಒಪ್ಪಿಸಿದಳು. ನಮ್ಮ ತಾತ ಹಿಂದಿನ ಜರ್ಮನಿ ಯುದ್ಧದಲ್ಲಿ ಮಹಾರಾಜರ ಕುದುರೆ ದಂಡಿನ ಜೊತೆ ಹಡಗು ಹತ್ತಿ ಹೋಗಿದ್ದವನು. ವಾಪಸು ಬಂದ ಕೆಲವೇ ವರ್ಷಕ್ಕೆ ಚಳಿಜ್ವರ ಹಿಡಿದು ತೀರಿಕೊಂಡ. ಆಮೇಲೆ ಕೊಡುತ್ತೇವೆ ಎಂದು ದಂಡಿನವರು ಹೇಳಿದ್ದ ಪದಕವನ್ನು, ಅಜ್ಜಿಯ ಮಾತಿನಲ್ಲಿ ಬಿಲ್ಲೆಯನ್ನು, ಕೇಳುವುದಕ್ಕೆ ಮನೆಯಿಂದ ಯಾರೂ ಹೋಗಲೇ ಇಲ್ಲ. ಪಕ್ಕದ ಮನೆಯ ತಿಮ್ಮಕ್ಕನಿಗೆ ಅಷ್ಟೇ ಸಾಕಾಯಿತು. "ದಂಡಿಗೆ ಹೋಗಿದ್ನೋ, ಎಲ್ಲಾದ್ರೂ ಓಡೋಗಿದ್ನೋ, ಯಾರು ಕಂಡವ್ರೆ?" ಎಂದು ಬಾವಿಕಟ್ಟೆಯಲ್ಲಿ ವರ್ಷಗಟ್ಟಲೆ ರಾಗ ಎಳೆದಳು. ಅಜ್ಜಿ ಆ ಮಾತು ಕೇಳಿದ ದಿನವೆಲ್ಲ ಸರಿಯಾಗಿ ಊಟ ಮಾಡುತ್ತಿರಲಿಲ್ಲ.

"ಕೂಸೇ, ನಾನು ಕಣ್ಣು ಮುಚ್ಚೋದ್ರೊಳಗೆ ಆ ಬಿಲ್ಲೆ ತರ್ಸಪ್ಪಾ. ಅವ್ರು ಓಡೋದೋರಲ್ಲ ಅಂತ ಊರಿಗೆ ಗೊತ್ತಾಗ್ಬೇಕು" ಎಂದಳು.

"ಅಯ್ಯೋ, ಇದೇನು ಮಹಾ! ಒಂದು ಅರ್ಜಿ ಬಿಸಾಕಿದ್ರೆ ಬಿಲ್ಲೆ ನಡ್ಕೊಂಡು ಬರ್ತದೆ ಕಣಜ್ಜಿ" ಎಂದೆ.

ಬರೆದೆ. ಎಂಥ ಅರ್ಜಿ ಅದು! ಮೊದಲು ತಾತನ ಹೆಸರು: ಮುನಿಯಪ್ಪ. ಆಮೇಲೆ ಅವನ ಪರಾಕ್ರಮ. ಎಂಥ ಪುಂಡ ಕುದುರೆಯಾದರೂ ಈತನ ಮುಂದೆ ಕುರಿಮರಿ ಎಂದು ಮಹಾಪ್ರಭುಗಳು ದಯಮಾಡಿ ಅವಗಾಹನೆಗೆ ತಂದುಕೊಳ್ಳಬೇಕೆಂದು ಬಿನ್ನವಿಸಿದೆ. ಕೊನೆಗೆ ನನ್ನ ರುಜು: ಮುನಿಯಪ್ಪ. ನಮ್ಮ ಕಡೆ ಹಿರಿಯ ಮೊಮ್ಮಗನಿಗೆ ತಾತನ ಹೆಸರೇ ಗತಿ. ಪರಾಕ್ರಮದ ಭರಾಟೆಯಲ್ಲಿ 'ಇವರು ನನ್ನ ತಾತ, ಈಗ ಬದುಕಿಲ್ಲ' ಎಂಬ ಒಂದು ಸಣ್ಣ ಸಂಗತಿ ಬಿಟ್ಟುಹೋಯಿತು. ಬೆಂಗಳೂರಿನಲ್ಲಿದ್ದ ದಂಡಿನ ಕಚೇರಿಗೆ ಅದನ್ನು ಅಂಚೆಗೆ ಹಾಕಿ ಮೀಸೆ ತಿರುವಿದೆ.

ಬಿಲ್ಲೆ ನಡೆದುಕೊಂಡು ಬರಲಿಲ್ಲ. ದಂಡಿನ ಕಚೇರಿಯ ಒಬ್ಬ ದಫೇದಾರ ಕುದುರೆಯ ಮೇಲೆ ಬಂದ!

"ಮುನಿಯಪ್ಪ ಯಾರು?"

"ನಾನೇ!" ಎಂದು ಎದೆಯುಬ್ಬಿಸಿ ನಿಂತೆ.

"ಬಟ್ಟೆ ಗಂಟು ಕಟ್ಕೊಂಡು ಹೊರಡು. ಕುದುರೆ ಪಳಗಿಸೋ ಹಳಬರು ದಂಡಿಗೆ ಬೇಕಾಗವ್ರೆ" ಎಂದವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹೋದ ಯುದ್ಧದಾಗೆ ನಿಂಗೆಷ್ಟು ವಯಸ್ಸಯ್ಯಾ?"

"ಆಗ... ಇನ್ನೂ ಹುಟ್ಟಿರ್ಲಿಲ್ಲ ಸ್ವಾಮಿ."

"ಹುಟ್ಟೋಕೆ ಮುಂಚೇನೇ ಯುದ್ಧ ಮಾಡ್ಬಿಟ್ಯಾ?"

ಅದು ನಾನಲ್ಲ, ನಮ್ಮ ತಾತ ಎಂದು ಗೋಗರೆದೆ. ಅವನು ನಂಬಲಿಲ್ಲ. ಯಾರದೋ ಬಿಲ್ಲೆ ಹೊಡೆಯಲು ಹೊಂಚು ಹಾಕಿದ ಖದೀಮ ನಾನು ಎಂದು ತೀರ್ಮಾನಿಸಿಬಿಟ್ಟ. "ಕುದುರೆ ಎಲ್ಲಾ ಕುರಿಮರಿ ಅಂತ ಬರ್ದಿದ್ದೀಯಲ್ಲ. ಹತ್ತು, ನೋಡೋಣ."

ಮಾನದ ಪ್ರಶ್ನೆ. ಹತ್ತಿದೆ. ಹತ್ತಿದ್ದಷ್ಟೇ ನೆನಪು. ಮುಂದಿನ ನೆನಪು ನಮ್ಮ ತಿಪ್ಪೆಯೊಳಗಿನದು! ಅವ್ವ ಓಡಿ ಬಂದು ಎಬ್ಬಿಸಿದಳು. ನನ್ನ ಹೆಂಡತಿ ಜಯಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ಅಲ್ಲ.

ದಫೇದಾರ ಗುಡುಗಿದ: "ಈ ಹೆಸರಿನ ತಾತ ಇದ್ದಿದ್ದು ನಿಜವಾದ್ರೆ ಮನೆಯೋರು ಬಾಯಿಬಿಟ್ಟು ಹೇಳ್ಲಿ. ಬಿಲ್ಲೆ ಕಳಿಸ್ತೀವಿ. ಇಲ್ದಿದ್ರೆ ಠಾಣೆಗೆ ನಡಿ. ಏನಮ್ಮಾ, ನಿನ್ನ ಮಾವನ ಹೆಸರೇನು?"

ಅವ್ವ ನಾಲಿಗೆ ಕಚ್ಚಿಕೊಂಡಳು. "ಶಿವಶಿವಾ, ಮಾವನ ಹೆಸ್ರು ಹೇಳೋದುಂಟಾ?"

"ಹೋಗ್ಲಿ, ನಿನ್ನ ಮಗನ ಹೆಸರು ಹೇಳು."

"ಅದೂ ಅದೇ ಹೆಸ್ರಲ್ವಾ ಸ್ವಾಮಿ!"

ಅವನು ಜಯಮ್ಮನ ಕಡೆ ತಿರುಗಿದ. "ನಿನ್ನ ಗಂಡನ ಹೆಸರಾದ್ರೂ ಹೇಳಮ್ಮ." ಜಯಮ್ಮ ಅಡುಗೆಮನೆಗೆ ಓಡಿದಳು. ಅಪ್ಪ ಹೊಸಕೋಟೆ ಸಂತೆಗೆ ಹೋಗಿದ್ದ. ಮನೆಯಲ್ಲಿ ಮೂವರು ಹೆಂಗಸರು. ನನ್ನ ಹೆಸರು ಒಬ್ಬರ ಬಾಯಿಗೂ ಬರುವ ಹಾಗಿಲ್ಲ! ಇಪ್ಪತ್ತು ದಾಟಿದ ಗಂಡಸು ನಾನು, ನನ್ನದೇ ಮನೆಯಲ್ಲಿ ಹೆಸರಿಲ್ಲದವನಾಗಿ ತಿಪ್ಪೆಯ ಪಕ್ಕ ನಿಂತಿದ್ದೆ.

ದಫೇದಾರ ನನ್ನ ರಟ್ಟೆ ಹಿಡಿದ. ಆಗ ಅಜ್ಜಿ ಜಗಲಿಯಿಂದ ಎದ್ದಳು.

"ಬಿಡಪ್ಪಾ ಅವ್ನ ಕೈಯ. ನಾನು ಹೇಳ್ತೀನಿ."

ಅಜ್ಜಿ ಆ ಹೆಸರನ್ನು ಹೇಳಿದ್ದು ಜೀವಮಾನದಲ್ಲಿ ಒಂದೇ ಸಲವಂತೆ. ಮದುವೆಯಾಗಿ ಬಂದ ದಿನ ನಾದಿನಿಯರು ಹೊಸಿಲಲ್ಲಿ ಬಾಗಿಲು ತಡೆದು, ಗಂಡನ ಹೆಸರನ್ನು ಪದ ಕಟ್ಟಿ ಹೇಳಿದರೇ ಒಳಗೆ ಬಿಡುವುದು ಎಂದಿದ್ದಾಗ. ಈಗ ಅವಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಸುಕ್ಕುಗಟ್ಟಿದ ಕೆನ್ನೆ ಕೆಂಪಾಯಿತು. ನೆಲ ನೋಡುತ್ತ ಹೇಳಿದಳು:

"ಕುದುರೆ ಕಾಯೋಕೆ ಕಡಲ ದಾಟಿ ಹೋದೋರು,
ಮಾತು ಕೊಟ್ಟಂಗೆ ಮನೆಗೆ ಬಂದೋರು ಮುನಿಯಪ್ಪನೋರು."

ಹೇಳಿದವಳೇ ಹೊಸ ಮದುಮಗಳಂತೆ ಕಂಬದ ಹಿಂದೆ ಸರಿದಳು. ದಫೇದಾರ ನನ್ನ ಕೈ ಬಿಟ್ಟ. ತಲೆಯ ರುಮಾಲು ಸರಿಮಾಡಿಕೊಂಡು ಮೆತ್ತಗೆ ಹೇಳಿದ: "ಸಾಕು ತಾಯಿ. ನಾನು ದಾಖಲೆ ನೋಡ್ಕೊಂಡೇ ಬಂದಿದ್ದೆ. ಕುದುರೆ ಚಾಕರಿ. ಹೋದಾಗಿಂದ ಬರೋವರೆಗೆ ಒಂದು ದಿನಾನೂ ಗೈರುಹಾಜರಿ ಇಲ್ಲ. ಓಡೋಗೋದು ಇರ್ಲಿ, ರಜಾನೂ ಕೇಳ್ದೋರಲ್ಲ."

ಅಜ್ಜಿ ಜೋರಾಗಿ ಅತ್ತುಬಿಟ್ಟಳು. ನಾವೂ ಅತ್ತೆವು. ಅಜ್ಜಿಗೆ ಇದ್ದದ್ದು ಒಂದೇ ಕೊರಗು: ತಿಮ್ಮಕ್ಕ ಅಂದು ತವರಿಗೆ ಹೋಗಿದ್ದಳು! ಹೊರಡುವಾಗ ದಫೇದಾರ ನನ್ನತ್ತ ನೋಡಿ, "ದಂಡಿಗೆ ಜನ ಸಾಲ್ತಿಲ್ಲ, ನಿಜ. ಆದ್ರೂ ನೀನು ಬೇಡಪ್ಪಾ" ಎಂದ.

ರಾಗಿ ಕೊಯ್ಲಿನ ಹೊತ್ತಿಗೆ ಬಿಲ್ಲೆ ಬಂತು. ಬೆಳ್ಳಿಯದಲ್ಲ, ಕಂಚಿನದು. ಸಿಪಾಯಿಗಳಿಗೆ ಬೆಳ್ಳಿ, ಕುದುರೆ ಚಾಕರಿಯವರಿಗೆ ಕಂಚಂತೆ. ನನ್ನ ಮುಖ ಸಪ್ಪಗಾಯಿತು. ಅಜ್ಜಿ ಅದನ್ನು ಸೆರಗಿನಲ್ಲಿ ಒರೆಸಿ, ಕೆನ್ನೆಗೆ ಒತ್ತಿಕೊಂಡು, "ದಾರಕ್ಕೆ ಪೋಣಿಸಿ ನನ್ನ ಕುತ್ತಿಗೆಗೆ ಕಟ್ಟಪ್ಪಾ" ಎಂದಳು. ತಾತ ತೀರಿಕೊಂಡಂದಿನಿಂದ ಬರಿದಾಗಿದ್ದ ಕುತ್ತಿಗೆ. ಕಣ್ಣು ಮಂಜಾಗಿ ನನಗೆ ದಾರವೇ ಕಾಣಿಸಲಿಲ್ಲ. ಆದರೂ ಅರ್ಜಿ ಬರೆದ ಕೈಯಿಂದಲೇ ಗಂಟು ಹಾಕಿದೆ.

ಮನೆಯ ಹಂಡೆ ತುಂಬಿದ್ದರೂ ಅಜ್ಜಿ ಕೊಡ ಎತ್ತಿಕೊಂಡು ಬಾವಿಗೆ ಹೊರಟಳು. ನಾವು ಹಿಂದೆಯೇ ಹೋದೆವು. ತಿಮ್ಮಕ್ಕ ನೀರು ಸೇದುತ್ತಿದ್ದಳು. ಅಜ್ಜಿ ಅವಳೆದುರು ನಿಂತು, ಗಂಟಲು ಸರಿಮಾಡಿಕೊಂಡು, ಸೆರಗು ಸರಿಸಿದಳು. ಬಿಲ್ಲೆ ಠಣ್ಣೆಂದು ಕಲ್ಲಿನ ಮೇಲೆ ಬಿತ್ತು!

ಎತ್ತಿಕೊಂಡವಳು ತಿಮ್ಮಕ್ಕ. ತಿರುವಿ ತಿರುವಿ ನೋಡಿದಳು. ಆಮೇಲೆ ಕಣ್ಣಿಗೊತ್ತಿಕೊಂಡು, "ತಪ್ಪಾಯ್ತು ಕಣಕ್ಕಾ" ಎಂದು ತಾನೇ ಅಜ್ಜಿಯ ಕುತ್ತಿಗೆಗೆ ಕಟ್ಟಿದಳು, ಭದ್ರವಾಗಿ. ಕಟ್ಟುತ್ತ ಕೇಳಿದಳು: "ಆ ಗಂಟು ಯಾರಕ್ಕಾ ಹಾಕಿದ್ದು?"

ಅಜ್ಜಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ನಮ್ಮನೇಲಿ ಇಂಗ್ಲಿಷ್ ಓದಿರೋನು."